ಚಳಿ ದೇಶದ ಕೆಲಸ: ಹೊರಡುವ ಮೊದಲು ಲೆಕ್ಕ ಹಾಕೋಣ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿಯ ಬರಹ ರೂಪ)



ನಮ್ಮ ಕರಾವಳಿಗೆ ಗಲ್ಫ್ ಹೊಸತಲ್ಲ. ಕುವೈತ್, ದುಬೈ, ಮಸ್ಕತ್ ಕಂಡ ಗಂಡನೋ ಅಣ್ಣನೋ ಮಗನೋ ಇರುವ ಮನೆ ಪ್ರತಿಯೊಂದು ಸಂಘದಲ್ಲಿಯೂ ಒಂದಾದರೂ ಉಂಟು. ಅಲ್ಲಿನ ಸೆಕೆ, ಅಲ್ಲಿನ ವೀಸಾ, ಅಲ್ಲಿಗೆ ಕಳಿಸುವ ಏಜೆಂಟರು, ಎಲ್ಲವೂ ನಮಗೆ ಗೊತ್ತಿರುವ ವಿಷಯ. ಆದರೆ ಈಗೀಗ ಸಂಘದ ಸಭೆಗಳಲ್ಲಿ ಬೇರೆ ಹೆಸರುಗಳು ಕೇಳಿ ಬರುತ್ತಿವೆ. ಕೆನಡಾ, ಜರ್ಮನಿ, ಫಿನ್‌ಲ್ಯಾಂಡ್, ರಷ್ಯಾ. ನರ್ಸಿಂಗ್ ಕಲಿತ ಮಗಳಿಗೆ, ವೃದ್ಧರ ಆರೈಕೆ ಮಾಡಬಲ್ಲ ಸೊಸೆಗೆ, ಡ್ರೈವಿಂಗ್ ಗೊತ್ತಿರುವ ಮಗನಿಗೆ ಚಳಿ ದೇಶದಿಂದ ಕರೆ ಬಂದಿದೆ, ಸಾಲ ಬೇಕು ಎಂಬ ಅರ್ಜಿಗಳು ಬರುತ್ತಿವೆ.

"ಸಿಸ್ಟರ್, ತಿಂಗಳಿಗೆ ಲಕ್ಷಗಟ್ಟಲೆ ಸಂಬಳ ಅಂತೆ. ಕೊಡುವುದಾ ಬೇಡವಾ?" ಎಂದು ನೀವು ಕೇಳುತ್ತೀರಿ. ಹೋಗಲೇಬೇಡಿ ಎನ್ನಲು ನಾವು ಬಂದಿಲ್ಲ. ಹೋಗಿ ಚೆನ್ನಾಗಿ ದುಡಿದು, ತಮ್ಮಂದಿರನ್ನು ಓದಿಸಿ, ಹೆಂಚಿನ ಮನೆಯನ್ನು ಆರ್‌ಸಿಸಿ ಮಾಡಿದ ಹೆಣ್ಣುಮಕ್ಕಳನ್ನು ನಾವೂ ಕಂಡಿದ್ದೇವೆ. ನಾವು ಹೇಳುವುದು ಇಷ್ಟೇ: ಸಂಬಳ ನೋಡಿ ತೀರ್ಮಾನ ಮಾಡಬೇಡಿ. ಹೋದವಳಿಗೆ ಬೇಡವೆನಿಸಿದ ದಿನ ವಾಪಸು ಬರುವ ದಾರಿ ಇದೆಯಾ ಎಂದು ನೋಡಿ ತೀರ್ಮಾನ ಮಾಡಿ.

1. ಆ ಊರು ಎಂಥದ್ದು?

ದೂರದ ಬೆಟ್ಟ ನುಣ್ಣಗೆ. ಹತ್ತಿರ ಹೋಗಿ ನೋಡೋಣ. ಕೆನಡಾ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಟೊರೊಂಟೊ ನಗರದ ದೊಡ್ಡ ಕಟ್ಟಡಗಳು. ಆದರೆ ಹೆಚ್ಚು ಭತ್ಯೆ ಕೊಡುತ್ತೇವೆ ಎಂದು ಕರೆಯುವ ಕೆಲಸಗಳು ಅನೇಕ ಸಲ ಇರುವುದು ಬಹಳ ಉತ್ತರದ ಸಣ್ಣ ಊರುಗಳಲ್ಲಿ. ಅಲ್ಲಿ ನುನಾವುಟ್ ಎಂಬ ಪ್ರಾಂತ್ಯ ಇದೆ. 1999ರಲ್ಲಿ ಬೇರೆಯಾಗಿ ರಚನೆಯಾಯಿತು. ವಿಸ್ತೀರ್ಣ ನಮ್ಮ ಕರ್ನಾಟಕದ ಸುಮಾರು ಹತ್ತು ಪಟ್ಟು. 2021ರ ಜನಗಣತಿಯಲ್ಲಿ ಅಲ್ಲಿದ್ದ ಜನ ಸುಮಾರು 37 ಸಾವಿರ ಮಾತ್ರ! ನಮ್ಮ ಒಂದು ಸಣ್ಣ ಪಟ್ಟಣದಷ್ಟು ಜನ. ಅಲ್ಲಿರುವ ಊರುಗಳು 25. ಒಂದು ಊರಿನಿಂದ ಇನ್ನೊಂದಕ್ಕೆ ರಸ್ತೆ ಇಲ್ಲ. ವಿಮಾನದಲ್ಲೇ ಹೋಗಬೇಕು. ಬೇಸಿಗೆಯಲ್ಲಿ ಸಮುದ್ರದ ಮಂಜುಗಡ್ಡೆ ಕರಗಿದಾಗ ಹಡಗಿನಲ್ಲಿ ಸಾಮಾನು ಬರುತ್ತದೆ. ಉಳಿದ ದಿನ ಹಾಲು, ತರಕಾರಿ ಕೂಡ ವಿಮಾನದಲ್ಲಿ ಬರಬೇಕು. ಹಾಗಾಗಿ ಎಲ್ಲವೂ ದುಬಾರಿ.

ಅದರ ರಾಜಧಾನಿ ಇಕಾಲುಯಿಟ್. ಅಲ್ಲಿ ಜನವರಿ, ಫೆಬ್ರವರಿಯಲ್ಲಿ ಮೈನಸ್ 30 ಡಿಗ್ರಿ ಎಂದರೆ ಸಾಮಾನ್ಯ. ಮೈನಸ್ 30 ಎಂದರೆ ಎಷ್ಟು? ಮೀನಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು ಇಲ್ಲಿದ್ದೀರಿ. ಮೀನಿನ ಪೆಟ್ಟಿಗೆ ಇಡುವ ಆ ಕೋಲ್ಡ್ ಸ್ಟೋರೇಜ್ ಒಳಗೆ ಸುಮಾರು ಮೈನಸ್ 18 ಡಿಗ್ರಿ. ಹತ್ತು ನಿಮಿಷ ಒಳಗಿದ್ದು ಹೊರಗೆ ಬಂದಾಗ ಬೆರಳು ಹೇಗಿರುತ್ತದೆ ಎಂದು ನಿಮಗೇ ಗೊತ್ತು. ಅದಕ್ಕಿಂತಲೂ ಹೆಚ್ಚಿನ ಚಳಿಯಲ್ಲಿ ಅವರು ಕೆಲಸಕ್ಕೆ ನಡೆದು ಹೋಗುತ್ತಾರೆ. ಗಾಳಿಯೂ ಸೇರಿದರೆ ಮುಚ್ಚದೆ ಬಿಟ್ಟ ಚರ್ಮ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟಬಹುದು.

ಇನ್ನು ಬೆಳಕು. ಡಿಸೆಂಬರಿನ ಅತಿ ಚಿಕ್ಕ ದಿನಗಳಲ್ಲಿ ಅಲ್ಲಿ ಹಗಲು ನಾಲ್ಕೂವರೆ ಗಂಟೆಗೂ ಕಡಿಮೆ. ಇನ್ನೂ ಉತ್ತರದ ಊರುಗಳಲ್ಲಿ ವಾರಗಟ್ಟಲೆ ಸೂರ್ಯ ಹುಟ್ಟುವುದೇ ಇಲ್ಲ. ಬೇಸಿಗೆಯಲ್ಲಿ ತದ್ವಿರುದ್ಧ, ರಾತ್ರಿಯೇ ಇಲ್ಲದ ಹಾಗೆ.

ಅಲ್ಲಿ ಮೂಲ ನಿವಾಸಿಗಳಾದ ಇನ್ಯುಟ್ ಜನರೇ ಹೆಚ್ಚು. ಅವರಿಗೆ ತಮ್ಮದೇ ಭಾಷೆ, ಪದ್ಧತಿ ಉಂಟು. ಈ ಚಳಿಯಲ್ಲಿ ಸಾವಿರಾರು ವರ್ಷಗಳಿಂದ ಬದುಕಿದ ಜನ. ನಾವು ಹೋದರೆ ಅವರ ಮನೆಗೆ ಹೋದ ಅತಿಥಿಗಳು, ಅವರಿಂದ ಕಲಿಯಬೇಕಾದವರು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗುವವಳಿಗೆ ಮಾತ್ರ ಆ ಊರು ಊರಾಗುತ್ತದೆ.

2. ಸಂಬಳ ಎಷ್ಟು ಅಲ್ಲ, ಉಳಿಯುವುದು ಎಷ್ಟು?

ಸಂಬಳ ಹೆಚ್ಚು ಏಕೆ? ಅಲ್ಲಿ ಜನ ನಿಲ್ಲುವುದಿಲ್ಲ, ಅದಕ್ಕೆ. ಖರ್ಚೂ ಹೆಚ್ಚು. ನಾವು ಕೈಗೆ ಬರುವ ಡಾಲರನ್ನು ಕೂಡಲೇ ರೂಪಾಯಿಗೆ ಗುಣಿಸಿ ಹಿಗ್ಗುತ್ತೇವೆ. ಆದರೆ ಖರ್ಚು ಕೂಡ ಡಾಲರಿನಲ್ಲೇ ಅಲ್ಲವೇ? ಆದ್ದರಿಂದ ಸಂಘದ ಪುಸ್ತಕ ಬರೆಯುವ ಹಾಗೆ ಒಂದು ಹಾಳೆಯಲ್ಲಿ ಜಮಾ, ಖರ್ಚು ಎಂದು ಗೆರೆ ಹಾಕಿ ಬರೆಯಿರಿ. ತೆರಿಗೆ, ಪಿಂಚಣಿ ಕಡಿತ ಎಷ್ಟು? ವಸತಿ ಮಾಲೀಕರು ಕೊಡುತ್ತಾರಾ? ಕೊಟ್ಟರೆ ಸಂಬಳದಲ್ಲಿ ಹಿಡಿಯುತ್ತಾರಾ? ಉತ್ತರದ ಊರುಗಳಲ್ಲಿ ಬಾಡಿಗೆ ಮನೆ ಸಿಗುವುದೇ ಕಷ್ಟ. ಊಟ, ಚಳಿ ಬಟ್ಟೆ, ಬೂಟು, ಫೋನು ಎಷ್ಟು? ಊರಿಗೆ ಬಂದು ಹೋಗುವ ಟಿಕೆಟ್ ಯಾರ ಖರ್ಚು? ಇಷ್ಟು ಕಳೆದು ಉಳಿದದ್ದೇ ನಿಜವಾದ ಸಂಬಳ.

ಖರ್ಚಿನ ಕಡೆ ಇನ್ನೊಂದು ಸಾಲು ಸೇರಿಸಲು ನಾವು ಮರೆಯುತ್ತೇವೆ. ಅದು ಕಾಯುವ ಕಾಲದ ಬಡ್ಡಿ. ಎರಡು ಲಕ್ಷ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಯಂತೆ ಬಡ್ಡಿ 4,000 ರೂಪಾಯಿ. ವೀಸಾ ಬರಲು ಹತ್ತು ತಿಂಗಳು ಹಿಡಿದರೆ 40,000 ರೂಪಾಯಿ, ಮಗಳು ಮನೆಯಲ್ಲೇ ಕೂತಿರುವಾಗ! ಸುವಾರ್ತೆಯಲ್ಲಿ ಗೋಪುರ ಕಟ್ಟಲು ಹೊರಟವನ ದೃಷ್ಟಾಂತ ಇದೆಯಲ್ಲ, ಅಡಿಪಾಯ ಹಾಕುವ ಮೊದಲು ಕೂತು ಖರ್ಚಿನ ಲೆಕ್ಕ ನೋಡಬೇಕೆಂದು. ಯೇಸುಸ್ವಾಮಿ ಹೇಳಿದ್ದು ಶಿಷ್ಯರ ಬದುಕಿನ ಬಗ್ಗೆ. ಆದರೆ ಸಂಘದ ಸಾಲಕ್ಕೂ ಆ ಬುದ್ಧಿ ಬೇಕು.

3. ಕಾಗದ ಸರಿ ಇದೆಯಾ?

ಒಂದು ಸಂಘದಲ್ಲಿ ಹೀಗಾಯಿತು. ಜಿಎನ್‌ಎಂ ಮುಗಿಸಿ ಒಂದೇ ವರ್ಷ ಕೆಲಸ ಮಾಡಿದ್ದ ಹುಡುಗಿ. "ಕೆನಡಾದ ಉತ್ತರದಲ್ಲಿ ನರ್ಸ್ ಕೆಲಸ, ಪರೀಕ್ಷೆ ಏನೂ ಬೇಡ, ಆರು ಲಕ್ಷ ಕೊಟ್ಟರೆ ಮೂರು ತಿಂಗಳಲ್ಲಿ ವಿಮಾನ" ಎಂದು ಒಬ್ಬ ಏಜೆಂಟ್ ಹೇಳಿದ. ತಾಯಿ ಸಂಘದಲ್ಲಿ ಎರಡು ಲಕ್ಷ ಕೇಳಿದರು. ಉಳಿದದ್ದಕ್ಕೆ ಚಿನ್ನ ಅಡವು ಇಡುವ ಯೋಚನೆ. ಸಂಘದ ಅಧ್ಯಕ್ಷೆ ಓದಿದ್ದು ಏಳನೇ ಕ್ಲಾಸು. ಅವರು ಒಂದೇ ಮಾತು ಕೇಳಿದರು: "ಅಕ್ಕಾ, ಇಲ್ಲಿ ಆಸ್ಪತ್ರೆಗೆ ಸೇರಲು ಸರ್ಟಿಫಿಕೇಟ್ ಕೇಳ್ತಾರೆ. ಅಷ್ಟು ದೊಡ್ಡ ದೇಶದಲ್ಲಿ ಏನೂ ಕೇಳುವುದಿಲ್ಲವಾ?"

ಸರಿಯಾದ ಪ್ರಶ್ನೆ. ಕೆನಡಾದಲ್ಲಿ ರಿಜಿಸ್ಟರ್ಡ್ ನರ್ಸ್ ಆಗಬೇಕಾದರೆ ನಮ್ಮ ಓದಿನ ಪರಿಶೀಲನೆ ಆಗಬೇಕು, ಇಂಗ್ಲಿಷ್ ಭಾಷೆ ಗೊತ್ತೆಂದು ರುಜುವಾತು ಬೇಕು, ಎನ್‌ಸಿಎಲ್‌ಇಎಕ್ಸ್ ಎಂಬ ಪರೀಕ್ಷೆ ಪಾಸಾಗಬೇಕು, ಅಲ್ಲಿನ ನೋಂದಣಿ ಸಿಗಬೇಕು. ಉತ್ತರದ ಸಣ್ಣ ಊರುಗಳ ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ಸದಾ ಇರುವುದಿಲ್ಲ, ನರ್ಸೇ ಬಹಳಷ್ಟು ನಿಭಾಯಿಸಬೇಕು. ಅಂಥ ಕಡೆಗೆ ಅನುಭವ ಇಲ್ಲದವಳನ್ನು ಪರೀಕ್ಷೆಯೂ ಇಲ್ಲದೆ ಕರೆಯುತ್ತಾರೆ ಎಂದರೆ ಸಂಶಯ ಪಡಲೇಬೇಕು. ಆ ತಾಯಿ ಹಣ ಕಟ್ಟಲಿಲ್ಲ. ವಿಚಾರಿಸಿದಾಗ ಏಜೆಂಟನಿಗೆ ಲೈಸೆನ್ಸೇ ಇರಲಿಲ್ಲ. ಆ ಹುಡುಗಿ ಈಗ ಇಲ್ಲೇ ಕೆಲಸ ಮಾಡುತ್ತಾ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದಾಳೆ. ಆಸೆ ಬಿಟ್ಟಿಲ್ಲ, ದಾರಿ ಬದಲಿಸಿದ್ದಾಳೆ. ಆ ಓದಿಗೆ ಸಂಘವೇ ಸಣ್ಣ ಸಾಲ ಕೊಟ್ಟಿದೆ.

ನೆನಪಿಡಬೇಕಾದ ಕೆಲವು ವಿಷಯಗಳು:

• 1983ರ ವಲಸೆ ಕಾಯ್ದೆಯಂತೆ ವಿದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಇ-ಮೈಗ್ರೇಟ್ ಎಂಬ ಸರ್ಕಾರಿ ವೆಬ್‌ಸೈಟಿನಲ್ಲಿ ಅವರ ಹೆಸರು ನೋಡಬಹುದು. ನಿಮ್ಮ ಕಾಲೇಜಿಗೆ ಹೋಗುವ ಮಗಳಿಗೆ ಹೇಳಿದರೆ ಐದು ನಿಮಿಷದ ಕೆಲಸ.

• ನೋಂದಾಯಿತ ಏಜೆಂಟ್ ಸೇವಾ ಶುಲ್ಕವಾಗಿ ತೆಗೆದುಕೊಳ್ಳಬಹುದಾದ ಗರಿಷ್ಠ ಮೊತ್ತ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಅದಕ್ಕೆ ರಶೀದಿ ಕೊಡಬೇಕು. ಆರು ಲಕ್ಷ ಎಲ್ಲಿ, ಇದು ಎಲ್ಲಿ?

• ವಿದೇಶಿ ಕೆಲಸಗಾರರನ್ನು ಕರೆಸಿಕೊಳ್ಳುವ ಕೆನಡಾದ ಮಾಲೀಕರು ನೇಮಕಾತಿ ಖರ್ಚನ್ನು ಕೆಲಸಗಾರರಿಂದ ವಸೂಲಿ ಮಾಡಬಾರದೆಂದು 2022ರಿಂದ ಅಲ್ಲಿನ ಸರ್ಕಾರದ ನಿಯಮ ಇದೆ.

• ಟೂರಿಸ್ಟ್ ವೀಸಾದಲ್ಲಿ ಹೋಗಿ ಆಮೇಲೆ ಕೆಲಸದ ಪರ್ಮಿಟ್ ಮಾಡಿಸುತ್ತೇವೆ ಎಂದರೆ ಒಪ್ಪಬೇಡಿ.

• ಒಬ್ಬನೇ ಮಾಲೀಕನ ಹೆಸರಿಗೆ ಕಟ್ಟಿದ ಪರ್ಮಿಟ್ ಆದರೆ ಬೇರೆ ಕಡೆ ಕೆಲಸ ಮಾಡಲು ಹೊಸ ಪರ್ಮಿಟ್ ಬೇಕು. ಆದರೆ ಮಾಲೀಕ ಹಿಂಸೆ ಕೊಟ್ಟರೆ ಅಲ್ಲಿಂದ ಬಿಡಿಸಿಕೊಳ್ಳಲು ಬೇರೆ ಪರ್ಮಿಟ್ ಕೇಳುವ ಅವಕಾಶ 2019ರಿಂದ ಇದೆ. ಹೋಗುವವಳಿಗೆ ಇದು ತಿಳಿದಿರಬೇಕು.

ಇದೆಲ್ಲ ಬರೀ ಹೆದರಿಸುವ ಮಾತಲ್ಲ. 2024ರಲ್ಲಿ ನಮ್ಮ ರಾಜ್ಯದ ಕಲಬುರಗಿಯ ಯುವಕರನ್ನು ರಷ್ಯಾದಲ್ಲಿ ಸೆಕ್ಯುರಿಟಿ ಕೆಲಸ ಎಂದು ನಂಬಿಸಿ ಕರೆದೊಯ್ದು ಉಕ್ರೇನ್ ಯುದ್ಧದ ಗಡಿಗೆ ತಳ್ಳಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಸರ್ಕಾರದ ಪ್ರಯತ್ನದಿಂದ ಅವರು ಜೀವಸಹಿತ ಮರಳಿದರು. ಹಾಗೆ ಹೋದ ಬೇರೆ ರಾಜ್ಯಗಳ ಕೆಲವರು ಮರಳಲಿಲ್ಲ. 2022ರ ಜನವರಿಯಲ್ಲಿ ಗುಜರಾತಿನ ಒಂದು ಕುಟುಂಬ, ಗಂಡ, ಹೆಂಡತಿ, ಇಬ್ಬರು ಮಕ್ಕಳು, ಕೆನಡಾದಿಂದ ಅಮೆರಿಕಕ್ಕೆ ಕಳ್ಳದಾರಿಯಲ್ಲಿ ನಡೆದು ದಾಟಲು ಹೋಗಿ ಹಿಮದಲ್ಲೇ ಹೆಪ್ಪುಗಟ್ಟಿ ಸತ್ತರು. ಅವರಲ್ಲಿ ಒಂದು ಮಗುವಿಗೆ ಮೂರೇ ವರ್ಷ. ದಾರಿ ತೋರಿಸುತ್ತೇವೆ ಎಂದವರು ಹಣ ತೆಗೆದುಕೊಂಡಿದ್ದರು.

4. ದೇಹ ಒಗ್ಗುತ್ತದೆಯಾ? ಮನಸ್ಸು?

ಕರ್ನಾಟಕದ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರ ಜನರಿಗೆ ರಕ್ತಹೀನತೆ ಇದೆಯೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿದೆ. ರಕ್ತ ಕಡಿಮೆ ಇದ್ದರೆ ಚಳಿ ಇನ್ನೂ ಹೆಚ್ಚು ಕಾಡುತ್ತದೆ. ಆಸ್ತಮಾ, ಥೈರಾಯ್ಡ್ ಇದ್ದವರು ಡಾಕ್ಟರ ಸಲಹೆ ಇಲ್ಲದೆ ಹೊರಡಬಾರದು. ಕಬ್ಬಿಣಾಂಶದ ಮಾತ್ರೆ, ಸೊಪ್ಪು, ಮೀನು ಎಲ್ಲವನ್ನೂ ಹೊರಡುವ ಆರು ತಿಂಗಳ ಮೊದಲೇ ಶುರು ಮಾಡಲಿ. ಬಿಸಿಲು ಇಲ್ಲದ ಊರಿನಲ್ಲಿ ವಿಟಮಿನ್ ಡಿ ಕೊರತೆ ಆಗುತ್ತದೆ, ಅದಕ್ಕೂ ಡಾಕ್ಟರನ್ನು ಕೇಳಲಿ.

ಮನಸ್ಸಿನ ವಿಷಯ ನಾವು ಮಾತಾಡುವುದೇ ಕಡಿಮೆ. ಗಲ್ಫಿನಲ್ಲಿ ಒಂದು ರೂಮಿನಲ್ಲಿ ಆರು ಜನ ಊರಿನವರು. ಶುಕ್ರವಾರ ಒಟ್ಟಿಗೆ ಪೂಜೆ, ಮೀನು ಸಾರು, ತುಳುವಿನಲ್ಲಿ ಕೊಂಕಣಿಯಲ್ಲಿ ಹರಟೆ. ಆ ಉತ್ತರದ ಊರಿನಲ್ಲಿ ನಮ್ಮ ಭಾಷೆ ಆಡುವವರು ಒಬ್ಬರೂ ಇಲ್ಲದಿರಬಹುದು. ತಿಂಗಳುಗಟ್ಟಲೆ ಕತ್ತಲೆ ಇರುವಾಗ ನಿದ್ದೆ ತಪ್ಪುವುದು, ಕಾರಣವಿಲ್ಲದೆ ಅಳು ಬರುವುದು, ಯಾರೊಂದಿಗೂ ಮಾತು ಬೇಡವಾಗುವುದು ಅಲ್ಲಿನವರಿಗೂ ಆಗುವ ತೊಂದರೆ. ಅದು ಕಾಯಿಲೆ, ಸೋಮಾರಿತನ ಅಲ್ಲ. ಚಿಕಿತ್ಸೆ ಇದೆ. ಮಗಳು ಫೋನಿನಲ್ಲಿ "ಏನಿಲ್ಲಮ್ಮ" ಎಂದು ಬೇಗ ಇಟ್ಟುಬಿಟ್ಟರೆ ಬೈಯಬೇಡಿ. ಇನ್ನೊಮ್ಮೆ ಮಾಡಿ. ಇಕಾಲುಯಿಟ್‌ಗೂ ನಮಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ. ನಿಮ್ಮ ಬೆಳಗಿನ ಆರೂವರೆ ಅವಳ ಹಿಂದಿನ ರಾತ್ರಿ ಎಂಟು. ಆ ಹೊತ್ತು ಮಾತಿಗೆ ಒಳ್ಳೆಯದು.

5. ತೀರ್ಮಾನ ಯಾರದು?

ಅನೇಕ ಮನೆಗಳಲ್ಲಿ ತಂದೆ ಒಪ್ಪುತ್ತಾರೆ, ಮಾವ ಹಣ ಹೊಂದಿಸುತ್ತಾರೆ, ಅಣ್ಣ ಪಾಸ್‌ಪೋರ್ಟ್ ಮಾಡಿಸುತ್ತಾನೆ. ಹೋಗುವವಳನ್ನು ಕೇಳುವುದು ಕೊನೆಗೆ. ಚಳಿಯಲ್ಲಿ ನಡೆಯುವ ಕಾಲು ಅವಳದು. ಮೊದಲ ಮಾತು ಅವಳದಾಗಲಿ. ಮಕ್ಕಳಿರುವ ತಾಯಿ ಹೊರಟರೆ ಮಕ್ಕಳನ್ನು ಯಾರು ನೋಡುತ್ತಾರೆ ಎಂದು ಹೆಸರು ಹೇಳಿ ನಿರ್ಧರಿಸಿ. "ಅಜ್ಜಿ ಇದ್ದಾರಲ್ಲ" ಎಂದರೆ ಸಾಲದು. ಅಜ್ಜಿಗೆ ಶಕ್ತಿ ಉಂಟಾ, ಕೇಳಿ. ಅವಳು ಕಳಿಸುವ ಹಣ ಅವಳ ಹೆಸರಿನ ಖಾತೆಗೇ ಬರಲಿ, ಮನೆ ಖರ್ಚಿಗೆ ಎಷ್ಟು, ಉಳಿತಾಯ ಎಷ್ಟು ಎಂದು ಮೊದಲೇ ಮಾತಾಗಲಿ.

6. ವಾಪಸು ಬರುವ ದಾರಿ

ಈಗ ಮುಖ್ಯ ವಿಷಯ. ಹೋದ ಮೇಲೆ ಆಗುವುದಿಲ್ಲ ಎಂದು ಅನಿಸಿದರೆ ಅವಳು ಬರಬಹುದಾ? ಮನೆಯ ಪತ್ರ, ಇದ್ದ ಅಷ್ಟೂ ಚಿನ್ನ, ಜಾಗ ಎಲ್ಲವನ್ನೂ ಅಡವಿಟ್ಟು ಕಳಿಸಿದರೆ ಅವಳು ಬರಲಾರಳು. ಕಷ್ಟವಾದರೂ ಹೇಳಲಾರಳು. ಆಗ ಅದು ಉದ್ಯೋಗವಲ್ಲ, ಜೀತ. ಆದ್ದರಿಂದ ಮನೆ ಪತ್ರ ಮುಟ್ಟಬೇಡಿ. ವಾಪಸು ಟಿಕೆಟಿನಷ್ಟು ಹಣವನ್ನು ಅವಳ ಹೆಸರಿನಲ್ಲೇ ಬೇರೆ ಇಡಿ. ಪಾಸ್‌ಪೋರ್ಟ್ ಅವಳ ಕೈಯಲ್ಲೇ ಇರಲಿ, ನಕಲು ಮನೆಯಲ್ಲಿರಲಿ.

ಇನ್ನೂ ಒಂದು ದಾರಿ ಉಂಟು, ಅದನ್ನು ತೆರೆಯುವವರು ನೀವು. ಒಂದು ಚಳಿಗಾಲ ಮುಗಿಸಿ ಮರಳಿದ ಒಬ್ಬ ಹೆಣ್ಣುಮಗಳು ನಮ್ಮ ಹತ್ತಿರ ಹೇಳಿದ್ದು: "ಸಿಸ್ಟರ್, ಅಲ್ಲಿನ ಚಳಿ ತಡೆದುಕೊಂಡೆ. ಊರಿನವರ ಬಾಯಿ ತಡೆಯಲಿಕ್ಕೆ ಆಗಲಿಲ್ಲ." ಬಸ್ಸಿನಲ್ಲಿ, ಚರ್ಚಿನ ಅಂಗಳದಲ್ಲಿ, ಅಂಗಡಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಯಾಕೆ ಬಂದೆ?" ಸಹೋದರಿಯರೇ, ಆ ಪ್ರಶ್ನೆ ನಮ್ಮ ಸಂಘದಲ್ಲಿ ಯಾರೂ ಕೇಳಬಾರದು. "ಬಂದೆಯಾ, ಕೂತ್ಕೊ, ಚಾ ಕುಡಿ" ಎನ್ನಿ. ಅವಳ ಸಾಲದ ಕಂತು ಸ್ವಲ್ಪ ಮುಂದೆ ಹಾಕಲು ನಿರ್ಣಯ ಪುಸ್ತಕದಲ್ಲಿ ಅವಕಾಶ ಮಾಡಿ. ಮರಳಿ ಬಂದವಳು ಸೋತವಳಲ್ಲ. ಮುಂದೆ ಹೋಗುವವರಿಗೆ ಸರಿಯಾದ ಮಾಹಿತಿ ಕೊಡಬಲ್ಲವಳು ಅವಳೇ.

ಮುಂದಿನ ವಾರದ ಸಭೆಯಲ್ಲಿ ಚರ್ಚಿಸಿ

1. ವಿದೇಶಕ್ಕೆ ಹೋಗಲು ಸಾಲ ಕೊಡುವಾಗ ನಮ್ಮ ಸಂಘ ಯಾವ ಕಾಗದಗಳನ್ನು ನೋಡಬೇಕು?
2. ಹೋಗುವವಳೇ ಸಭೆಗೆ ಬಂದು ಮಾತಾಡಬೇಕೆಂಬ ನಿಯಮ ಮಾಡೋಣವೇ?
3. ಮರಳಿ ಬಂದ ಸದಸ್ಯೆಗೆ ಸಂಘ ಯಾವ ರೀತಿ ನೆರವಾಗಬಹುದು?

ವಿದೇಶ ಉದ್ಯೋಗದ ಬಗ್ಗೆ ಸಂಶಯ ಇದ್ದರೆ ಬೆಂಗಳೂರಿನಲ್ಲಿರುವ ಕೇಂದ್ರ ಸರ್ಕಾರದ ವಲಸಿಗರ ಸಂರಕ್ಷಣಾಧಿಕಾರಿ ಕಚೇರಿಯನ್ನು ಕೇಳಬಹುದು. ಉಚಿತ ಸಹಾಯವಾಣಿ 1800 11 3090. ಏಜೆಂಟನಿಗೆ ಮೊದಲ ರೂಪಾಯಿ ಕೊಡುವ ಮೊದಲು ಕೇಳಿ, ಕೊಟ್ಟ ಮೇಲೆ ಅಲ್ಲ. ನಮ್ಮ ಸಂಸ್ಥೆಯ ಕಾರ್ಯಕರ್ತೆಯರಿಗೆ ಹೇಳಿದರೆ ಕಾಗದ ಓದಿ ತಿಳಿಸಲು ನಾವೂ ಸಿದ್ಧರಿದ್ದೇವೆ.

ಹೋಗುವವರಿಗೆ ದೇವರ ಆಶೀರ್ವಾದ ಇರಲಿ. ಉಳಿಯುವವರಿಗೂ ಇರಲಿ.