ಆಕ್ಯುಪೇಷನಲ್ ಥೆರಪಿ ಶಿಕ್ಷಣ: ಗುರುವಿನ ಹೊಣೆ, ನಮ್ಮ ಹೊಣೆ

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳು ಪಿ.ಯು.ಸಿ. ವಿಜ್ಞಾನ ಮುಗಿಸಿದರೆ ತಂದೆತಾಯಿಗಳು ವಿಚಾರಿಸುವುದು ಎರಡೇ ಕೋರ್ಸು: ಎಂ.ಬಿ.ಬಿ.ಎಸ್. ಮತ್ತು ಇಂಜಿನಿಯರಿಂಗ್. ಇವೆರಡರ ಆಚೆಗೂ ಗೌರವದ ವಿದ್ಯೆಗಳಿವೆ. ಆಕ್ಯುಪೇಷನಲ್ ಥೆರಪಿ ಅವುಗಳಲ್ಲಿ ಒಂದು. ಅದನ್ನು ಹೇಗೆ ಕಲಿಸುತ್ತಾರೆ, ಕಲಿಯುವವರ ಬೆನ್ನಿಗೆ ಯಾರು ನಿಲ್ಲಬೇಕು ಎಂಬುದರ ಬಗ್ಗೆ ಶಾಲಾ ಶಿಕ್ಷಕನಾಗಿ ನಾಲ್ಕು ಮಾತು ಹೇಳಬಯಸುತ್ತೇನೆ.

ಕನ್ನಡದಲ್ಲಿ ಇದನ್ನು 'ಔದ್ಯೋಗಿಕ ಚಿಕಿತ್ಸೆ' ಎಂದು ಬರೆಯುವುದುಂಟು. ಕೇಳಿದವರು ನೌಕರಿಗೆ ಸಂಬಂಧಿಸಿದ್ದೆಂದು ತಿಳಿಯುತ್ತಾರೆ. ಉರ್ದುವಿನ 'ಮಶ್ಗೂಲ್' ಪದವನ್ನು ನೆನೆದರೆ ಅರ್ಥ ಸುಲಭವಾಗುತ್ತದೆ. ಮನುಷ್ಯ ದಿನವಿಡೀ ಯಾವುದರಲ್ಲಿ ಮಶ್ಗೂಲನಾಗಿರುತ್ತಾನೋ ಅದೆಲ್ಲವೂ ಇಲ್ಲಿ 'ಆಕ್ಯುಪೇಷನ್'. ಊಟ, ಸ್ನಾನ, ವುಝೂ, ಅಡುಗೆ, ಆಟ, ಓದು, ವ್ಯಾಪಾರ ಎಲ್ಲವೂ ಇದರಲ್ಲಿ ಸೇರುತ್ತವೆ. ಲಕ್ವ ಹೊಡೆದವರು, ಅಪಘಾತಕ್ಕೆ ಸಿಕ್ಕಿದವರು, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಇಂತಹ ಕೆಲಸಗಳನ್ನು ಆದಷ್ಟು ತಾವೇ ಮಾಡಿಕೊಳ್ಳುವಂತೆ ಮಾಡುವುದು ಈ ಚಿಕಿತ್ಸೆಯ ಗುರಿ.

ಭಾರತದಲ್ಲಿ ಇದರ ಮೊದಲ ಶಾಲೆಯನ್ನು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ ಆರಂಭಿಸಿದರು. ಅವರು ಅಮೆರಿಕದಲ್ಲಿ ಹುಟ್ಟಿ, ಭಾರತೀಯರೊಬ್ಬರನ್ನು ಮದುವೆಯಾಗಿ ಇಲ್ಲಿಯವರೇ ಆದ ಮಹಿಳೆ. ನಮ್ಮ ರಾಜ್ಯದಲ್ಲಿ ಮಣಿಪಾಲದಲ್ಲಿ ಈ ಕೋರ್ಸು ಇದೆ. 2021ರ ಕೇಂದ್ರ ಕಾನೂನು ಈ ವೃತ್ತಿಯನ್ನೂ ರಾಷ್ಟ್ರೀಯ ಆಯೋಗವೊಂದರ ವ್ಯಾಪ್ತಿಗೆ ತಂದಿದೆ.

ಈ ವಿದ್ಯೆಯ ವಿಶ್ವ ಒಕ್ಕೂಟದ ಕನಿಷ್ಠ ಮಾನದಂಡದಂತೆ ಪ್ರತಿ ವಿದ್ಯಾರ್ಥಿಯೂ 1000 ಗಂಟೆಗಳ ಕ್ಷೇತ್ರಾನುಭವ ಪಡೆಯಬೇಕು. ನಿಜವಾದ ಪಾಠ ನಡೆಯುವುದು ಅಲ್ಲಿಯೇ. ಬಿ.ಎಡ್. ಮಾಡಿದವರಿಗೆ ಇದರ ಕಲ್ಪನೆ ಇರುತ್ತದೆ. ಅಭ್ಯಾಸ ಪಾಠ ಕೊಡುವಾಗ ಮೇಲ್ವಿಚಾರಕರು ಹಿಂದಿನ ಬೆಂಚಿನಲ್ಲಿ ಕುಳಿತು ನೋಡುತ್ತಿರುತ್ತಾರೆ. ಇಲ್ಲಿ ಬೆಂಚಿನ ಬದಲು ರೋಗಿಯ ಹಾಸಿಗೆಯ ಪಕ್ಕ, ಅಷ್ಟೆ.

ಒಂದು ಉದಾಹರಣೆ ನೋಡಿ. ಲಕ್ವದಿಂದ ಬಲಗೈ ಸೋತ ಹಿರಿಯರೊಬ್ಬರಿಗೆ ಅಂಗಿ ತೊಡುವುದನ್ನು ಕಲಿಸಬೇಕು. ತೊಡುವಾಗ ಸೋತ ಕೈಗೆ ಮೊದಲು ತೋಳು ಏರಿಸಬೇಕು. ಬಿಚ್ಚುವಾಗ ಅದನ್ನು ಕೊನೆಗೆ ತೆಗೆಯಬೇಕು. ಇಷ್ಟು ಪುಸ್ತಕದಿಂದಲೇ ಬರುತ್ತದೆ. ಆದರೆ ಅವರು ಗುಂಡಿಯೊಂದರ ಜೊತೆ ಐದು ನಿಮಿಷ ಒದ್ದಾಡುವಾಗ ಹೊಸ ವಿದ್ಯಾರ್ಥಿಯ ಕೈ ಸುಮ್ಮನಿರುವುದಿಲ್ಲ. ಕನಿಕರದಿಂದ ತಾನೇ ಗುಂಡಿ ಹಾಕಿಬಿಡುತ್ತಾನೆ. ಅಂಗಿಯೇನೋ ತೊಟ್ಟಾಯಿತು, ಕಲಿಕೆ ಮಾತ್ರ ನಿಂತುಹೋಯಿತು. ಎಷ್ಟು ಸಹಾಯ ಮಾಡಬೇಕು, ಅದನ್ನು ಯಾವಾಗ ಕಡಿಮೆ ಮಾಡಬೇಕು ಎಂಬ ಅಳತೆಯೇ ಈ ವಿದ್ಯೆಯ ಜೀವಾಳ.

ಆ ಅಳತೆಯನ್ನು ಕಲಿಸುವ ಗುರುವಿಗೂ ಅದೇ ನಿಯಮ. ಮೊದಲು ತಾನು ಮಾಡಿ ತೋರಿಸಬೇಕು, ಆಮೇಲೆ ಜೊತೆಗೂಡಿ ಮಾಡಬೇಕು, ನಂತರ ಪಕ್ಕಕ್ಕೆ ಸರಿದು ನೋಡಬೇಕು. ವಿದ್ಯಾರ್ಥಿ ತಡವರಿಸಿದ ಕೂಡಲೇ ಬಾಯಿ ಹಾಕಿದರೆ ಅವನು ಎಂದೂ ತಾನಾಗಿ ಯೋಚಿಸಲಾರ. ರೋಗಿಗೆ ಅಪಾಯವಿದ್ದರೆ ಮಾತ್ರ ತಕ್ಷಣ ತಡೆಯಬೇಕು. ಉಳಿದ ತಿದ್ದುಪಡಿ ರೋಗಿಯ ಎದುರಿಗಲ್ಲ, ಹೊರಗೆ ಬಂದ ಮೇಲೆ. ಆಗಲೂ ಪ್ರಶ್ನೆಗಳ ಮೂಲಕ: ಏನು ಗಮನಿಸಿದೆ? ಇದನ್ನೇ ಏಕೆ ಆರಿಸಿಕೊಂಡೆ? ನಾಳೆ ಏನು ಬದಲಾಯಿಸುತ್ತೀ?

ಚೆರಿಲ್ ಮ್ಯಾಟಿಂಗ್ಲಿ ಮತ್ತು ಮೌರೀನ್ ಫ್ಲೆಮಿಂಗ್ 1994ರ ತಮ್ಮ ಗ್ರಂಥದಲ್ಲಿ ಅನುಭವಿ ಥೆರಪಿಸ್ಟರ ಯೋಚನೆ ಹಲವು ದಾರಿಗಳಲ್ಲಿ ಏಕಕಾಲಕ್ಕೆ ಸಾಗುವುದನ್ನು ತೋರಿಸಿದ್ದಾರೆ. ಕಾಯಿಲೆಗೆ ತಕ್ಕ ವಿಧಾನ ಯಾವುದು, ಎದುರಿಗಿರುವ ವ್ಯಕ್ತಿಯ ಮನಸ್ಸು ಹೇಗಿದೆ, ಮುಂದೆ ಅವನ ಬದುಕು ಹೇಗಿರಬಲ್ಲದು ಎಂಬ ಮೂರೂ ಅವರ ಕಣ್ಣ ಮುಂದಿರುತ್ತವೆ. ಮೊದಲನೆಯದು ಪುಸ್ತಕದಲ್ಲಿ ಸಿಕ್ಕೀತು. ಉಳಿದೆರಡು ಬರುವುದು ಒಳ್ಳೆಯ ಗುರುವಿನ ಸಹವಾಸದಿಂದ.

ಇಲ್ಲಿ ನಮ್ಮ ಮಕ್ಕಳ ವಿಷಯಕ್ಕೆ ಬರುತ್ತೇನೆ. ಉರ್ದು, ಕನ್ನಡ ಮಾಧ್ಯಮದಿಂದ ಹೋದವರು ಇಂಗ್ಲಿಷ್ ತರಗತಿಯಲ್ಲಿ ಮೌನವಾಗುತ್ತಾರೆ. ಆ ಮೌನವನ್ನು ದಡ್ಡತನವೆಂದು ತಿಳಿದರೆ ಒಂದು ಮಗು ಅಲ್ಲಿಯೇ ಕೈತಪ್ಪಿತು. ಅದೇ ಹುಡುಗಿ ವಾರ್ಡಿನಲ್ಲಿ ಅಜ್ಜಿಯೊಬ್ಬರ ಪಕ್ಕ ಕುಳಿತು, 'ದಾದಿಮಾ, ನೆಲದ ಮೇಲೆ ಕೂತು ಏಳೋಕೆ ಆಗುತ್ತಾ? ನಮಾಝ್ ಹೇಗೆ ಮಾಡ್ತೀರಿ? ರೊಟ್ಟಿ ತಟ್ಟೋಕೆ ಆಗುತ್ತಾ?' ಎಂದು ಕೇಳಬಲ್ಲಳು. ಆ ಉತ್ತರಗಳಿಲ್ಲದೆ ಚಿಕಿತ್ಸೆಯ ಗುರಿಯನ್ನೇ ನಿರ್ಧರಿಸಲಾಗದು. ಮಾತೃಭಾಷೆ ಅಲ್ಲಿ ಅವಳ ಬಂಡವಾಳ. ಅದನ್ನು ಗುರುತಿಸಿ ಹೇಳುವ ಒಬ್ಬ ಹಿರಿಯರು ಬೇಕು.

ವಿದ್ಯಾರ್ಥಿವೇತನದ ಚೆಕ್ ಕೊಡುವುದರೊಂದಿಗೆ ನಮ್ಮ ಕೆಲಸ ಮುಗಿಯಬಾರದು. ಇಂತಹ ಕೋರ್ಸಿಗೆ ಸೇರಿದ ಪ್ರತಿ ವಿದ್ಯಾರ್ಥಿಗೂ ಅದೇ ಕ್ಷೇತ್ರದ ಒಬ್ಬ ಹಿರಿಯರನ್ನು ಸಂಸ್ಥೆ ಗೊತ್ತುಮಾಡಲಿ. ತಿಂಗಳಿಗೊಮ್ಮೆ ಅವರು ಫೋನಿನಲ್ಲಿ ಮಾತನಾಡಲಿ. ಮೊದಲ ವರ್ಷ ಇಂಗ್ಲಿಷ್ ಓದಿಗೆ ನೆರವಾಗಲು ನಮ್ಮಂತಹ ಶಿಕ್ಷಕರು ಸಿದ್ಧರಿದ್ದೇವೆ. ಪೋಷಕರು ಕಾಲೇಜು ಆರಿಸುವಾಗ ಕಟ್ಟಡದ ಜೊತೆಗೆ ಒಂದು ಮಾತು ವಿಚಾರಿಸಲಿ: ಆಸ್ಪತ್ರೆಯಲ್ಲಿ ನಮ್ಮ ಮಗುವಿನ ಪಕ್ಕ ಯಾರು ನಿಲ್ಲುತ್ತಾರೆ, ಎಷ್ಟು ಹೊತ್ತು?