ಹಂಡೆಗೆ ಇಳಿಯುವವರು ಯಾರು?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹಾಸ್ಟೆಲಿನ ನಲ್ಲಿಗೆ ನೀರು ತರುವ ಪೈಪು, ಕರೆಂಟ್ ವೈರಿನ ಮೇಲಿನ ಹೊದಿಕೆ, ಮಳೆಗಾಲದ ಅಗ್ಗದ ಚಪ್ಪಲಿ - ಇವು ಬಹುಪಾಲು ಪಿವಿಸಿ ಎಂಬ ಪ್ಲಾಸ್ಟಿಕ್ಕಿನವು. ವಿನೈಲ್ ಕ್ಲೋರೈಡ್ ಎಂಬ ಅನಿಲದಿಂದ ಇದನ್ನು ಮಾಡ್ತಾರೆ. ಪೈಪು ಮುಟ್ಟಿದರೆ ಯಾರೂ ಸಾಯಲ್ಲ. ಆ ಅನಿಲ ಕುಡಿದು ಪೈಪಿಗೆ ಪ್ಲಾಸ್ಟಿಕ್ ಮಾಡಿಕೊಟ್ಟವರು ಸತ್ತಿದ್ದಾರೆ.

ಅಮೆರಿಕದ ಲೂಯಿವಿಲ್ ಊರಿನಲ್ಲಿ ಬಿ.ಎಫ್. ಗುಡ್‌ರಿಚ್ ಕಂಪನಿಯ ಕಾರ್ಖಾನೆ ಇತ್ತು. ದೊಡ್ಡ ಉಕ್ಕಿನ ಹಂಡೆಗಳಲ್ಲಿ ಈ ಅನಿಲ ಪ್ಲಾಸ್ಟಿಕ್ ಆಗುತ್ತಿತ್ತು. ಹಂಡೆಯ ಒಳಮೈಗೆ ಅದು ಸೀದ ಅನ್ನದ ಹಾಗೆ ಕಚ್ಚಿಕೊಳ್ಳುತ್ತಿತ್ತು. ಕೆರೆಯೋಕೆ ಮನುಷ್ಯನೇ ಒಳಗೆ ಇಳಿಯಬೇಕು. ಇಂಥ ಕೆಲಸದವರ ಬೆರಳ ತುದಿಯ ಮೂಳೆ ಸವೆದು ಕರಗುವುದು 1960ರ ದಶಕದಲ್ಲೇ ವೈದ್ಯರಿಗೆ ಕಂಡಿತ್ತು. ಕೆಲಸ ನಿಲ್ಲಲಿಲ್ಲ.

1974ರ ಜನವರಿಯಲ್ಲಿ ಸುದ್ದಿ ಹೊರಬಿತ್ತು. ಅದೇ ಕಾರ್ಖಾನೆಯ ಮೂವರು ಪಿತ್ತಜನಕಾಂಗದ ಒಂದು ಅಪರೂಪದ ಕ್ಯಾನ್ಸರಿನಿಂದ ಸತ್ತಿದ್ದರು. ಎಷ್ಟು ಅಪರೂಪ ಅಂದರೆ, ಬಹುಪಾಲು ಡಾಕ್ಟರು ಜೀವಮಾನದಲ್ಲಿ ಒಂದನ್ನೂ ನೋಡಿರಲ್ಲ. ಡಾ. ಜಾನ್ ಕ್ರೀಚ್ ಕಾರ್ಖಾನೆಯವರಿಗೆ ಚಿಕಿತ್ಸೆ ಕೊಡುತ್ತಿದ್ದರಿಂದ ಈ ಸಾವುಗಳ ನಂಟು ಅವರ ಕಣ್ಣಿಗೆ ಬಿತ್ತು.

ಕಂಪನಿಗಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಇಟಲಿಯ ವಿಜ್ಞಾನಿ ಚೆಸಾರೆ ಮಾಲ್ತೋನಿ ಇಲಿಗಳಿಗೆ ಈ ಅನಿಲ ಕುಡಿಸಿ ಅದೇ ಕ್ಯಾನ್ಸರ್ ಕಂಡಿದ್ದರು. 1973ರ ಆರಂಭಕ್ಕೇ ಅಮೆರಿಕದ ಕಂಪನಿಗಳಿಗೂ ವಿಷಯ ಮುಟ್ಟಿತ್ತು. ಗುಟ್ಟು ಬಿಡೋದಿಲ್ಲ ಅಂತ ಒಪ್ಪಂದ ಮಾಡಿಕೊಂಡು ಕೂತಿದ್ದರು. ಇಲಿ ಸತ್ತ ಸುದ್ದಿ ಧಣಿಗೆ ಗೊತ್ತು, ಹಂಡೆಗೆ ಇಳಿಯುವವನಿಗೆ ಗೊತ್ತಿಲ್ಲ!

ಆಮೇಲೆ ಸರ್ಕಾರ ಕಾನೂನು ಬಿಗಿ ಮಾಡಿತು. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 500 ಪಾಲು ಇರಬಹುದು ಎಂದಿದ್ದ ಮಿತಿ, 1975ರಲ್ಲಿ 1 ಪಾಲಿಗೆ ಇಳಿಯಿತು. ಉದ್ಯಮವೇ ಮುಳುಗುತ್ತೆ ಅಂತ ಧಣಿಗಳು ಬಾಯಿ ಬಡಿದುಕೊಂಡರು. ಮುಳುಗಲಿಲ್ಲ. ಹಂಡೆ ತೊಳೆಯೋಕೆ ಜೋರಾಗಿ ನೀರು ಚಿಮ್ಮಿಸುವ ಯಂತ್ರ ಬಂತು. ಮನುಷ್ಯ ಅಗ್ಗವಾಗಿ ಸಿಗುವ ತನಕ ಯಂತ್ರ ನೆನಪಾಗಲ್ಲ.

ಈ ಮಾತು ನಮ್ಮ ಕೇರಿಗೆ ಹೊಸದೇ? ಮ್ಯಾನ್‌ಹೋಲಿಗೆ ಮನುಷ್ಯನನ್ನು ಇಳಿಸುವುದರ ವಿರುದ್ಧ 2013ರಲ್ಲೇ ಕಾನೂನು ಬಂದಿದೆ. ಯಂತ್ರಾನೂ ಇದೆ. ಆದರೂ ನಮ್ಮವರು ಒಳಗೆ ಸಾಯ್ತಾನೇ ಇದಾರೆ. ಅಲ್ಲಿ ಹಂಡೆ, ಇಲ್ಲಿ ಗುಂಡಿ. ಇಲ್ಲಿ ಯಾರು ಇಳಿಯಬೇಕು ಅನ್ನೋದನ್ನ ಜಾತಿ ಮೊದಲೇ ಬರೆದಿಟ್ಟಿದೆ.

ಪ್ಲಾಸ್ಟಿಕ್ಕಿನಲ್ಲೂ ಅಷ್ಟೇ. ಚಿಂದಿ ಆಯುವವರು, ಗುಜರಿ ಶೆಡ್ಡಿನಲ್ಲಿ ವಿಂಗಡಿಸುವವರು ಯಾರ ಅಕ್ಕತಂಗಿಯರು? ತಾಮ್ರಕ್ಕಾಗಿ ವೈರು ಸುಟ್ಟರೆ ಆಮ್ಲದ ಹೊಗೆ ಬರುತ್ತೆ, ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತೆ. ಹಳೇ ಪಿವಿಸಿ ಕರಗಿಸುವಾಗ ಕಾವು ಮೀರಿದರೂ ಅದೇ ಆಮ್ಲದ ಹೊಗೆ. ಕಣ್ಣು, ಗಂಟಲು, ಎದೆ ಉರಿಯುತ್ತೆ. ಆ ಶೆಡ್ಡಿಗೆ ಡಾಕ್ಟರೂ ಇಲ್ಲ, ಹಾಜರಿ ಪುಸ್ತಕವೂ ಇಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಕರೆಂಟ್ ಬಳಸುವ ಕಡೆ 10 ಜನ ಇದ್ದರೆ ಅದು ಕಾರ್ಖಾನೆ. 2020ರ ಸಂಹಿತೆ ಅದನ್ನು 20 ಮಾಡಿತು. ಚಿಕ್ಕ ಶೆಡ್ಡು ಇನ್ನಷ್ಟು ಕತ್ತಲಿಗೆ ಹೋಯಿತು.

ಕ್ಯಾನ್ಸರಿನಂಥ ರೋಗ ಹತ್ತಿಪ್ಪತ್ತು ವರ್ಷ ಬಿಟ್ಟು ಬರುತ್ತೆ. ಅಷ್ಟರಲ್ಲಿ ಕೆಲಸವೂ ಹೋಗಿರುತ್ತೆ, ಶೆಡ್ಡೂ ಇರಲ್ಲ. ಲೂಯಿವಿಲ್‌ನ ಸಾವುಗಳು ಲೆಕ್ಕಕ್ಕೆ ಬಂದದ್ದು ಅವರೆಲ್ಲ ಒಂದೇ ಕಾರ್ಖಾನೆಯವರು ಅಂತ ಗೊತ್ತಿದ್ದರಿಂದ. ನಮ್ಮವರ ಸಾವಿಗೆ "ಕುಡೀತಿದ್ದ, ಸತ್ತ" ಅಂತ ಷರಾ ಬರೀತಾರೆ.

ಅಕ್ಷರ ಕಲಿತವರು ನೀವು. ರಜೆಗೆ ಊರಿಗೆ, ಕೇರಿಗೆ ಹೋದಾಗ ಒಂದು ನೋಟ್‌ಬುಕ್ ಹಿಡಿದು ಹೋಗಿ. ಯಾರು, ಯಾವ ಶೆಡ್ಡು, ಎಷ್ಟು ವರ್ಷ, ಚೀಲದ ಮೇಲೆ ಏನು ಬರೆದಿದೆ, ಇಎಸ್‌ಐ ಕಾರ್ಡ್ ಇದೆಯೋ ಇಲ್ಲವೋ - ಬರೆದಿಡಿ. ಬರೆದದ್ದನ್ನು ಅವರಿಗೇ ಓದಿ ಹೇಳಿ. ನಾಳೆ ಪರಿಹಾರ ಕೇಳೋಕೆ ಅದೇ ಸಾಕ್ಷಿ.

ಜೈ ಭೀಮ್.