ಗಂಟುಗಳ ಲೆಕ್ಕ ಕೇಳಿ ಪಡೆಯೋಣ
(ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಲೈನಿನ ಒಬ್ಬ ಅಕ್ಕನವರಿಗೆ ಸಣ್ಣ ಕರುಳಿನ ಆಪರೇಷನ್ ಆದದ್ದು ನಿಮಗೆಲ್ಲ ಗೊತ್ತು. ಅವರು ಮನೆಗೆ ಬಂದಾಗ ಚೀಲದಲ್ಲಿ ಬಿಲ್ಲು ಇತ್ತು, ಡಿಸ್ಚಾರ್ಜ್ ಚೀಟಿ ಇತ್ತು. ಕೊಯ್ದು ತೆಗೆದ ಕರುಳನ್ನು ಪರೀಕ್ಷಿಸಿದ ವರದಿ ಮಾತ್ರ ಇರಲಿಲ್ಲ. ಅವರು ಕೊಡಲಿಲ್ಲ, ನಾವೂ ಕೇಳಲಿಲ್ಲ. ಈ ಹೊತ್ತು ಆ ವರದಿಯ ಮಾತನ್ನೇ ಆಡಬೇಕೆಂದಿದ್ದೇವೆ.

ಸಣ್ಣ ಕರುಳು ಸುಮಾರು 20 ಅಡಿ ಉದ್ದ. ಇಷ್ಟು ಉದ್ದವಿದ್ದರೂ ಅಲ್ಲಿ ಕ್ಯಾನ್ಸರ್ ಅಪರೂಪ. ಜೀರ್ಣಾಂಗಗಳ ಕ್ಯಾನ್ಸರಿನಲ್ಲಿ ನೂರಕ್ಕೆ 5ಕ್ಕಿಂತ ಕಡಮೆ. ಅಪರೂಪವಾದ್ದರಿಂದಲೇ ಯಾರೂ ಅದನ್ನು ಹುಡುಕುವುದಿಲ್ಲ. ಉಂಡ ಮೇಲೆ ಹೊಟ್ಟೆ ಹಿಂಡುವುದು, ವಾಂತಿ, ಮೈ ಇಳಿಯುವುದು, ರಕ್ತ ಕಡಮೆಯಾಗುವುದು, ಇವೇ ಅದರ ಗುರುತುಗಳು. ಸೊಪ್ಪು ಕೀಳುವ ಹೆಂಗಸಿಗೆ ರಕ್ತ ಕಡಮೆ ಎಂದರೆ ಹುಳದ ಮಾತ್ರೆ, ಕಬ್ಬಿಣದ ಮಾತ್ರೆ. ಅದು ತಪ್ಪಲ್ಲ, ಹೆಚ್ಚಿನವರಿಗೆ ಅಷ್ಟೇ ಸಾಕು. ಆದರೆ ತಿಂಗಳುಗಟ್ಟಲೆ ನುಂಗಿದರೂ ರಕ್ತ ಏರದಿದ್ದರೆ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು. ಬಾಯಿಂದ ಇಳಿಸುವ ಕೊಳವೆ ಸಣ್ಣ ಕರುಳಿನ ಮೊದಲ ಭಾಗವನ್ನು ಮಾತ್ರ ಕಾಣುತ್ತದೆ. ನಡುವಿನದನ್ನು ನೋಡಲು ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ.

ಇನ್ನು ಗಂಟುಗಳ ವಿಷಯ. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿನಲ್ಲಿ ಗಂಟು ಏಳುವುದನ್ನು ನಾವೆಲ್ಲ ಕಂಡಿದ್ದೇವೆ. ಅದೇ ದುಗ್ಧಗ್ರಂಥಿ. ಮೈಯ ಕೊಳೆಯನ್ನು ಅಲ್ಲಿ ತಡೆದು ಸೋಸುತ್ತದೆ. ಕರುಳಿನ ಪಕ್ಕದಲ್ಲೂ ಇಂಥ ಗಂಟುಗಳು ಬಹಳ ಇವೆ. ಕರುಳಿನ ಕ್ಯಾನ್ಸರ್ ಹೊರಗೆ ಹೊರಟರೆ ಹೆಚ್ಚಾಗಿ ಮೊದಲು ಸಿಕ್ಕಿಕೊಳ್ಳುವುದು ಇವುಗಳಲ್ಲಿ. ಆದುದರಿಂದ ಸರ್ಜನರು ಕರುಳಿನ ತುಂಡಿನೊಂದಿಗೆ ಪಕ್ಕದ ಗಂಟುಗಳನ್ನೂ ತೆಗೆಯುತ್ತಾರೆ.

ಕರುಳಿನ ಒಳಪದರದಲ್ಲಿ ಹುಟ್ಟುವ ಅಡಿನೋಕಾರ್ಸಿನೋಮ ಎಂಬ ಜಾತಿಯಲ್ಲಿ, ರೋಗ ಕರುಳಿನ ಗೋಡೆಯನ್ನು ಆಳವಾಗಿ ಹೊಕ್ಕಿದ್ದರೂ ಗಂಟಿಗೆ ಮುಟ್ಟದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ 5 ವರ್ಷ ದಾಟುತ್ತಾರೆ. ಗಂಟಿಗೆ ಮುಟ್ಟಿದ್ದರೆ ಸುಮಾರು ಮೂರರಲ್ಲಿ ಒಬ್ಬರು. ಅಲ್ಲಿಯೂ ಎಲ್ಲರ ಪಾಡು ಒಂದೇ ಅಲ್ಲ. ಒಂದೆರಡು ಗಂಟಿಗೆ ತಗಲಿದವರ ಸ್ಥಿತಿ, ಮೂರೋ ಅದಕ್ಕಿಂತ ಹೆಚ್ಚೋ ಗಂಟಿಗೆ ತಗಲಿದವರಿಗಿಂತ ವಾಸಿ. ಬೇರೆ ಜಾತಿಯ ಗಡ್ಡೆಗಳಿಗೆ ಲೆಕ್ಕವೇ ಬೇರೆ; ಕೆಲವು ವರ್ಷಗಟ್ಟಲೆ ಮೆಲ್ಲಗೆ ಬೆಳೆಯುತ್ತವೆ. ಹೀಗಾಗಿ ಯಾವ ಜಾತಿ ಎಂಬುದನ್ನೂ ಕೇಳಬೇಕು.

ಇನ್ನೊಂದು ಮಾತು. ಎಷ್ಟು ಗಂಟುಗಳಲ್ಲಿ ರೋಗ ಕಂಡಿತು ಎಂಬುದರ ಜೊತೆಗೆ ಎಷ್ಟನ್ನು ನೋಡಿದರು ಎಂಬುದೂ ಮುಖ್ಯ. ಸಣ್ಣ ಕರುಳಿನ ನಡು ಮತ್ತು ಕೆಳಭಾಗದ ಆಪರೇಷನ್ನಿನಲ್ಲಿ ಕಡಮೆಯೆಂದರೂ 8 ಗಂಟುಗಳನ್ನು ನೋಡಿರಬೇಕೆಂದು ವೈದ್ಯರ ಅಳತೆ. ಎರಡನ್ನೇ ನೋಡಿ "ಹರಡಿಲ್ಲ" ಎನ್ನುವುದು, ಎರಡು ಮನೆ ಇಣುಕಿ ಇಡೀ ಲೈನಿನಲ್ಲಿ ಜ್ವರವಿಲ್ಲ ಎಂದಂತೆ. ಗಂಟಿಗೆ ಮುಟ್ಟಿದ್ದರೆ ಸಾಮಾನ್ಯವಾಗಿ ಆಪರೇಷನ್ ಆದಮೇಲೆ ಕೀಮೋ ಮದ್ದು ಕೊಡುತ್ತಾರೆ. ಗಾಯ ಮಾಗಿದ ಮೇಲೆ ಬಹಳ ತಡಮಾಡಬಾರದು. ವರದಿ ಸಿಕ್ಕದೆ ಕುಳಿತರೆ ಆ ದಿನಗಳು ಹೋಗಿಬಿಡುತ್ತವೆ.

ಅಕ್ಕನವರ ಮಗನೂ ನಮ್ಮಲ್ಲಿ ಇಬ್ಬರೂ ಎರಡು ದಿನದ ಹಾಜರಿ ಬಿಟ್ಟು ಆಸ್ಪತ್ರೆಗೆ ಹೋದೆವು. ಮೊದಲ ದಿನ "ನಾಳೆ ಬನ್ನಿ" ಎಂದರು. ಎರಡನೆಯ ದಿನ ವರದಿ ಸಿಕ್ಕಿತು: 11 ಗಂಟು ನೋಡಿದ್ದರು, 2ರಲ್ಲಿ ರೋಗವಿತ್ತು. ಮದ್ದು ಶುರುವಾಗಿದೆ. ಬರುವ ಸೋಮವಾರ ಮೂರನೆಯ ಸರದಿ. ಜೊತೆಗೆ ಹೋಗಲು ಒಬ್ಬರು ಬೇಕು. ಬಿಡುವಿದ್ದವರು ಕೂಟ ಮುಗಿದಮೇಲೆ ಹೆಸರು ಕೊಡಿರಿ.